ಬುಳ್ಳಾಪುರದ ಕ್ಯಾಂಪಿಗೆ ಸೊಪ್ಪು ಕೊಡುವವರು ಯಾರು? ಶಿವಮೊಗ್ಗ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಭದ್ರಾವತಿ ನಗರಸಭೆಯ ಪೌರಾಯುಕ್ತರಿಗೆ, ಜೊತೆಗೆ ನನ್ನ ಊರಿನ ಎಲ್ಲರಿಗೂ ನಮಸ್ಕಾರ. ಭದ್ರಾವತಿಯ ಬುಳ್ಳಾಪುರದ ಅರೆಸೇನಾ ಪಡೆ ಕ್ಯಾಂಪಿನ ಬಗ್ಗೆ ಈ ಪತ್ರ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ಹುಟ್ಟಿದ್ದು ಹೊಸನಗರ ಕಡೆಯ ಒಂದು ಹಳ್ಳಿ. ಮದುವೆಯಾಗಿದ್ದು ಭದ್ರಾವತಿಯಲ್ಲಿ. 24 ವರ್ಷ ಸೇನೆಯಲ್ಲಿದ್ದು ನಾಯಬ್ ಸುಬೇದಾರ್ ಆಗಿ ನಿವೃತ್ತನಾದೆ. ಫೌಜಿ ಅಂದ ಕೂಡಲೇ ಮಕ್ಕಳು ಯುದ್ಧದ ಕಥೆ ಕೇಳುತ್ತಾರೆ. ನನ್ನ ಹತ್ತಿರ ಆ ಕಥೆ ಇಲ್ಲ. ನಾನಿದ್ದದ್ದು ಎಎಸ್‌ಸಿಯಲ್ಲಿ, ಅಂದರೆ ಆರ್ಮಿ ಸರ್ವಿಸ್ ಕೋರ್‌ನಲ್ಲಿ. ಅಕ್ಕಿ ಎಷ್ಟು ಮೂಟೆ ಬಂತು, ಆಲೂಗೆಡ್ಡೆ ಎಷ್ಟು ಕೊಳೆಯಿತು, ಯಾವ ಯೂನಿಟ್ಟಿಗೆ ಎಷ್ಟು ಹಾಲು ಹೋಯಿತು, ಇದೇ ನನ್ನ ಜೀವನದ ಲೆಕ್ಕ. ಈ ಪತ್ರದಲ್ಲೂ ಅದೇ ಲೆಕ್ಕ ಜಾಸ್ತಿ ಇರುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ಹೋದ ತಿಂಗಳು ನನ್ನ ಹೆಂಡತಿಯ ಅಣ್ಣನ ಮಗ ಮನೆಗೆ ಬಂದಿದ್ದ. ಕೈಯಲ್ಲಿ ಸುರುಳಿ ಸುತ್ತಿದ ಪ್ಲಾನು. ಇದ್ದೊಂದು ಸೈಟಿನಲ್ಲಿ ಸಾಲಾಗಿ ಆರು ರೂಮು ಕಟ್ಟಿಸುತ್ತಾನಂತೆ. ಬ್ಯಾಂಕಿನಲ್ಲಿ ಸಾಲಕ್ಕೂ ಅರ್ಜಿ ಹಾಕಿದ್ದಾನೆ.

"ಮಾವ, ಕ್ಯಾಂಪಿಗೆ ಸಾವಿರ ಜನ ಬರ್ತಾರೆ. ಒಂದು ರೂಮಿಗೆ ಐದು ಸಾವಿರ ಹೇಳಿದ್ರೂ ಕಣ್ಮುಚ್ಚಿ ಕೊಡ್ತಾರೆ" ಅಂದ.

"ಯಾರಪ್ಪ ಹೇಳಿದ್ದು?" ಅಂತ ಕೇಳಿದೆ.

"ಎಲ್ರೂ ಹೇಳ್ತಿದಾರಲ್ಲ ಮಾವ."

ಈ ಪತ್ರಕ್ಕೆ ಕಾರಣ ಆ ಮಾತು. ಊರಿನಲ್ಲಿ ಎಲ್ಲರೂ ಹೇಳುತ್ತಿರುವುದು ನಿಜ. ಟೀ ಅಂಗಡಿಯಲ್ಲಿ, ಸಲೂನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಒಂದೇ ಮಾತು. "ಕಾರ್ಖಾನೆ ಹೋದ್ರೆ ಹೋಗ್ಲಿ, ಕ್ಯಾಂಪ್ ಬಂತಲ್ಲ." ಕ್ಯಾಂಪಿನಿಂದ ಊರಿಗೆ ದುಡ್ಡು ಬರುತ್ತದೆಯೇ? ಬರುತ್ತದೆ. ಆದರೆ ತಾನಾಗಿ ಬರುವುದಿಲ್ಲ. ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿಹೋಗುತ್ತದೆ ಅಂತ ಗೊತ್ತಿದ್ದರೆ ಮಾತ್ರ ಒಂದಿಷ್ಟನ್ನು ಹಿಡಿದುಕೊಳ್ಳಬಹುದು. ಬೇಲಿಯ ಒಳಗೆ ನಿಂತು ಅದನ್ನು ನೋಡಿದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

2021ರ ಜನವರಿ 16ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಭದ್ರಾವತಿಗೆ ಬಂದು ಬುಳ್ಳಾಪುರದಲ್ಲಿ ಶಂಕುಸ್ಥಾಪನೆ ಮಾಡಿದರು. ಕ್ಷಿಪ್ರ ಕಾರ್ಯಪಡೆ, ಅಂದರೆ ಆರ್‌ಎಎಫ್‌ನ 97ನೇ ಬೆಟಾಲಿಯನ್ನಿನ ಕೇಂದ್ರಕ್ಕೆ. ಸುಮಾರು 50 ಎಕರೆ ಜಾಗ. ಊರಿನವರು ಇದನ್ನು "ಮಿಲ್ಟ್ರಿ" ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಇದು ಸೇನೆಯಲ್ಲ. ಆರ್‌ಎಎಫ್ ಸಿಆರ್‌ಪಿಎಫ್‌ನ (ಕೇಂದ್ರ ಮೀಸಲು ಪೊಲೀಸ್ ಪಡೆಯ) ಒಂದು ಭಾಗ. ಗಲಭೆ ನಿಯಂತ್ರಣಕ್ಕೆಂದೇ 1992ರಲ್ಲಿ ಶುರುವಾದ ಪಡೆ. ಸೇನೆ ರಕ್ಷಣಾ ಸಚಿವಾಲಯದ ಕೆಳಗೆ ಬರುತ್ತದೆ, ಇವರು ಗೃಹ ಸಚಿವಾಲಯದ ಕೆಳಗೆ. ಹಸಿರು ಬಟ್ಟೆ, ನೀಲಿ ಬಟ್ಟೆ, ಅಂಗಡಿಯವನಿಗೆ ಎರಡೂ ಒಂದೇ ಅಲ್ವಾ ಅಂತ ನೀವು ಕೇಳಬಹುದು. ಅಲ್ಲ. ಅಂಗಡಿಯವನಿಗೇ ಇದರಿಂದ ದೊಡ್ಡ ವ್ಯತ್ಯಾಸ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾರ್ಖಾನೆಯ ವಿಷಯ. ನಮ್ಮ ಮಾವನವರು, ಅಂದರೆ ಹೆಂಡತಿಯ ತಂದೆ, ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಮೈಸೂರು ಸಂಸ್ಥಾನದ ಕಾಲದಲ್ಲಿ, 1918ರಲ್ಲಿ ರೂಪುಗೊಂಡು 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಾರ್ಖಾನೆ. ಆಮೇಲೆ 1936ರಲ್ಲಿ ಕಾಗದದ ಕಂಪನಿ ಹುಟ್ಟಿತು. ಒಂದು ಊರಿಗೆ ಎರಡು ಹೊಗೆ ಕೊಳವೆ. ಕಬ್ಬಿಣಕ್ಕೆ ಕೆಮ್ಮಣ್ಣುಗುಂಡಿಯ ಅದಿರು ಬೇಕಿತ್ತು. ಕಾಗದಕ್ಕೆ ಬಿದಿರು, ನೀಲಗಿರಿ ಬೇಕಿತ್ತು. ಲಾರಿ ಬೇಕಿತ್ತು, ಲಾರಿಗೆ ಗ್ಯಾರೇಜ್ ಬೇಕಿತ್ತು, ಗ್ಯಾರೇಜಿಗೆ ವೆಲ್ಡಿಂಗಿನವನು ಬೇಕಿದ್ದ. ಕೆಲಸಗಾರನ ಮಗ ಕೆಲಸಗಾರನಾಗುತ್ತಿದ್ದ. ಸಂಬಳ ಬಂದ ದಿನ ಅದು ಪೇಪರ್ ಟೌನಿನಲ್ಲೋ ಹಳೇನಗರದಲ್ಲೋ ಖರ್ಚಾಗುತ್ತಿತ್ತು. ಯಾಕೆಂದರೆ ಸಂಬಳ ತೆಗೆದುಕೊಂಡವನ ಮನೆ ಇಲ್ಲೇ ಇತ್ತು.

ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಕಾರ್ಮಿಕರು ಬೀದಿಗೆ ಬಂದರು, ಊರು ಬಂದ್ ಆಯಿತು. ಅದೆಲ್ಲ ನಿಮಗೆ ಗೊತ್ತಿರುವ ಕಥೆ.

ಕ್ಯಾಂಪಿನ ಲೆಕ್ಕವೇ ಬೇರೆ. ಕ್ಯಾಂಪು ಏನನ್ನೂ ತಯಾರಿಸುವುದಿಲ್ಲ. ಅದಿರು ಬೇಡ, ಬಿದಿರು ಬೇಡ. ಅದರಿಂದ ಊರಿಗೆ ಬರುವುದು ಒಂದೇ, ದೆಹಲಿಯಿಂದ ಜಮಾ ಆಗುವ ಸಂಬಳದಲ್ಲಿ ಜವಾನ ಇಲ್ಲಿ ಖರ್ಚು ಮಾಡುವ ಪಾಲು. ಒಂದು ಬೆಟಾಲಿಯನ್ ಅಂದರೆ ಹೆಚ್ಚೂಕಮ್ಮಿ ಸಾವಿರ ಜನ ಅಂತಿಟ್ಟುಕೊಳ್ಳಿ. ಆ ಸಾವಿರ ಜನರಲ್ಲಿ ಬಹಳಷ್ಟು ಮಂದಿಯ ಅಪ್ಪ ಅಮ್ಮ ಬಿಹಾರದಲ್ಲಿ, ಉತ್ತರ ಪ್ರದೇಶದಲ್ಲಿ, ಆಂಧ್ರದಲ್ಲಿ, ಕೇರಳದಲ್ಲಿ ಇರುತ್ತಾರೆ. ಸಂಬಳ ಬಂದ ದಿನವೇ ಅರ್ಧ ದುಡ್ಡು ಅಲ್ಲಿಗೆ ಹೋಗುತ್ತದೆ. ನನ್ನ ಕಾಲದಲ್ಲಿ ಮನಿಯಾರ್ಡರ್ ಹೋಗುತ್ತಿತ್ತು, ಈಗ ಫೋನಿನಲ್ಲಿ ಒಂದು ಬಟನ್ ಒತ್ತಿದರೆ ಆಯಿತು. ಇದರಲ್ಲಿ ತಪ್ಪೇನಿಲ್ಲ. ನಾನೂ ಪಂಜಾಬಿನಲ್ಲಿದ್ದಾಗ ಹೊಸನಗರಕ್ಕೆ ಕಳಿಸುತ್ತಿದ್ದೆ. ಪಂಜಾಬಿನ ಅಂಗಡಿಯವರಿಗೆ ನನ್ನಿಂದ ಸಿಕ್ಕಿದ್ದು ಸೋಪಿನ ದುಡ್ಡೂ ಅಲ್ಲ. ಸೋಪು ಕ್ಯಾಂಟೀನಿನಲ್ಲಿ ಸಿಗುತ್ತಿತ್ತು.

ಮೇಲಾಗಿ ಆರ್‌ಎಎಫ್ ಒಂದು ಕಡೆ ಕೂರುವ ಪಡೆಯಲ್ಲ. ಎಲ್ಲಿ ಚುನಾವಣೆ, ಎಲ್ಲಿ ಗಲಾಟೆ, ಎಲ್ಲಿ ದೊಡ್ಡ ಜಾತ್ರೆ, ಅಲ್ಲಿಗೆ ಕಂಪನಿಗಳು ಹೊರಟುಬಿಡುತ್ತವೆ. ಒಂದು ತಿಂಗಳು ಬ್ಯಾರಕ್ ತುಂಬಿರುತ್ತದೆ, ಇನ್ನೊಂದು ತಿಂಗಳು ಖಾಲಿ. ಅದಕ್ಕೇ ಜವಾನರ ತಲೆ ಎಣಿಸಬೇಡಿ, ಸಂಸಾರಗಳನ್ನು ಎಣಿಸಿ ಅಂತ ನಾನು ಎಲ್ಲರಿಗೂ ಹೇಳುವುದು. ಕ್ಯಾಂಪಿರುವ ಊರು ಬದುಕುವುದು ಅಲ್ಲಿ ಸಂಸಾರ ಹೂಡಿದವರಿಂದ. ಗಂಡ ಡ್ಯೂಟಿಗೆ ಹೋದರೂ ಹೆಂಡತಿ ದಿನಾ ಟೊಮೆಟೊ ತರುತ್ತಾಳೆ, ಮಗಳನ್ನು ಟ್ಯೂಷನ್ನಿಗೆ ಬಿಡುತ್ತಾಳೆ, ಬ್ಲೌಸ್ ಹೊಲಿಸುತ್ತಾಳೆ. ಒಳಗೆ ಎಷ್ಟು ಕ್ವಾರ್ಟರ್ಸ್, ಎಷ್ಟು ಸಂಸಾರ ಬರುತ್ತದೆ ಅಂತ ಬೆಟಾಲಿಯನ್ನಿನ ಅಧಿಕಾರಿಗಳನ್ನು ಕೇಳಿ, ಆ ಸಂಖ್ಯೆಯನ್ನು ಊರಿಗೆ ತಿಳಿಸಿ. ಅದು ಗುಟ್ಟಿನ ಮಾಹಿತಿ ಅಲ್ಲ. ಕಟ್ಟಡದ ಟೆಂಡರಿನಲ್ಲೇ ಇರುವಂಥದ್ದು.

ಈಗ ಊಟದ ವಿಷಯ. ಇದು ನನ್ನ ಕ್ಷೇತ್ರ.

ಸೇನೆಯಲ್ಲಿ ಜವಾನನಿಗೆ ರೇಷನ್ ಸಿಗುವುದು ವಸ್ತುವಿನ ರೂಪದಲ್ಲಿ. ಒಬ್ಬನಿಗೆ ದಿನಕ್ಕೆ ಇಷ್ಟು ಹಿಟ್ಟು, ಇಷ್ಟು ಬೇಳೆ, ಇಷ್ಟು ಹಾಲು, ಇಷ್ಟು ತರಕಾರಿ ಅಂತ ಸ್ಕೇಲ್ ಇದೆ. ಅದನ್ನು ಕೊಡುವುದು ಎಎಸ್‌ಸಿ ಸಪ್ಲೈ ಡಿಪೋ. ಒಣ ರೇಷನ್ ದೂರದಿಂದ ವ್ಯಾಗನ್ನಿನಲ್ಲಿ ಬರುತ್ತದೆ. ತರಕಾರಿ, ಹಣ್ಣು, ಮಾಂಸದಂಥ ಫ್ರೆಶ್ ರೇಷನ್ನಿಗೆ ಕಾಂಟ್ರಾಕ್ಟ್ ಕರೆಯುತ್ತಾರೆ. ಕಾಗದದ ಮೇಲೆ ಯಾರು ಬೇಕಾದರೂ ಟೆಂಡರ್ ಹಾಕಬಹುದು. ಆದರೆ ಠೇವಣಿ ಇಡಬೇಕು, ದಿನ ತಪ್ಪದೆ ಟನ್ನುಗಟ್ಟಲೆ ಕೊಡಬೇಕು, ಬಿಲ್ ಪಾಸಾಗುವವರೆಗೆ ತಡೆದುಕೊಳ್ಳುವ ಶಕ್ತಿ ಇರಬೇಕು. ಎರಡೆಕರೆ ರೈತನಿಂದ ಇದು ಆಗುತ್ತದಾ?

ಉತ್ತರದ ಒಂದು ಕಂಟೋನ್ಮೆಂಟಿನಲ್ಲಿ ನಾನು ಮೂರು ವರ್ಷ ಇದ್ದೆ. ಊರಿನ ಹೆಸರು ಬೇಡ. ಡಿಪೋ ಗೇಟಿನಿಂದ ಕೂಗಳತೆ ದೂರದಲ್ಲಿ ಒಂದು ಹಳ್ಳಿ. ಬೆಳಿಗ್ಗೆ ಗಸ್ತಿಗೆ ಹೊರಟರೆ ಎರಡೂ ಕಡೆ ಹೂಕೋಸು, ಮೂಲಂಗಿ, ಪಾಲಕ್ ತೋಟ. ನಮ್ಮ ಡಿಪೋಗೆ ಹೂಕೋಸು ಬರುತ್ತಿದ್ದದ್ದು ಮಾತ್ರ ದೂರದ ಮಂಡಿಯಿಂದ, ಲಾರಿಯಲ್ಲಿ. ಬರುವಷ್ಟರಲ್ಲಿ ಎಲೆ ಹಳದಿ. ಒಂದು ದಿನ ನಾನು ಕಾಂಟ್ರಾಕ್ಟರನ ಮುನ್ಷಿಯನ್ನು ಕೇಳಿದೆ, ಪಕ್ಕದ ಹೊಲದಿಂದಲೇ ಯಾಕೆ ತರಬಾರದು ಅಂತ. ಅವನು ನಕ್ಕ. ಅಲ್ಲಿಂದಲೂ ತರುತ್ತೇವೆ ಸಾಬ್, ಆದರೆ ಮೊದಲು ಅದು ಮಂಡಿಗೆ ಹೋಗಿ ಬರುತ್ತದೆ ಅಂದ. ಗೇಟಿನ ಎದುರಿನ ಹೆಂಗಸು ಬೆಳೆದ ಕೋಸು ದಲ್ಲಾಳಿಗೆ ಹೋಗಿ, ಮಂಡಿಗೆ ಹೋಗಿ, ಕಾಂಟ್ರಾಕ್ಟರನ ಲಾರಿ ಹತ್ತಿ, ಬಾಡಿ, ಮತ್ತೆ ಅದೇ ಗೇಟಿಗೆ ಬರುತ್ತಿತ್ತು. ಆ ಹೆಂಗಸಿಗೆ ಸಿಕ್ಕಿದ್ದು ಪುಡಿಗಾಸು. ಡಿಪೋ ರಿಜಿಸ್ಟರಿನಲ್ಲಿ ನಾನು ಬರೆದ ದರ ಅದರ ಎಷ್ಟೋ ಪಟ್ಟು. ನನ್ನ ಕೈಬರಹದಲ್ಲೇ ಇತ್ತು ಅದು. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಸೇನೆಗೂ ಸಿಆರ್‌ಪಿಎಫ್‌ಗೂ ಅಂಗಡಿಯವನ ಮಟ್ಟಿಗೆ ವ್ಯತ್ಯಾಸವಿದೆ ಅಂದೆನಲ್ಲ, ಅದು ಇಲ್ಲಿದೆ. ಸಿಆರ್‌ಪಿಎಫ್‌ನಲ್ಲಿ ಜವಾನನಿಗೆ ರೇಷನ್ನಿನ ಬದಲು ರೇಷನ್ ಮನಿ, ಅಂದರೆ ಭತ್ಯೆ ಸಿಗುತ್ತದೆ. ಆ ದುಡ್ಡು ಸೇರಿಸಿ ಮೆಸ್ ನಡೆಸುತ್ತಾರೆ. ಸಾಮಾನು ಕೊಳ್ಳುವುದು ಮೆಸ್ಸಿನವರೇ. ಬೇಳೆಯಿಂದ ಹಿಡಿದು ಕೊತ್ತಂಬರಿಯವರೆಗೆ ಅವರು ಮಾರುಕಟ್ಟೆಯಲ್ಲೇ ತರಬೇಕು. ಹಾಗಾಗಿ ಸೇನೆಯ ಡಿಪೋ ಇರುವ ಊರಿಗಿಂತ ಭದ್ರಾವತಿಗೆ ಅವಕಾಶ ಜಾಸ್ತಿ. ಆದರೆ ಹೊಸ ಊರಿಗೆ ಬಂದ ಮೆಸ್ ಹವಾಲ್ದಾರನಿಗೆ ಬೀದಿಬೀದಿ ಅಲೆಯುವ ಪುರುಸೊತ್ತು ಇರುವುದಿಲ್ಲ. ಮೊದಲ ವಾರದಲ್ಲಿ ಯಾರು ಹಿಂದಿ ಮಾತಾಡುತ್ತಾ ಬಂದು "ಸಾಬ್, ಎಲ್ಲಾ ನಾನೇ ತಂದುಕೊಡ್ತೀನಿ, ತಿಂಗಳಿಗೊಂದು ಬಿಲ್" ಅನ್ನುತ್ತಾನೋ, ಅವನೇ ಗಟ್ಟಿಯಾಗಿ ಕೂರುತ್ತಾನೆ. ಅವನು ಶಿವಮೊಗ್ಗದವನಾಗಿರಬಹುದು, ಹುಬ್ಬಳ್ಳಿಯವನಾಗಿರಬಹುದು, ಬೆಂಗಳೂರಿನವನೂ ಆಗಿರಬಹುದು.

ತಲೆಗೆ ಕಾಲು ಕೆಜಿ ತರಕಾರಿ, ಕಾಲು ಲೀಟರ್ ಹಾಲು ಅಂತ ಹಿಡಿಯೋಣ. ಐನೂರು ಜನ ಕ್ಯಾಂಪಿನಲ್ಲಿದ್ದರೂ ದಿನಕ್ಕೆ 125 ಕೆಜಿ ತರಕಾರಿ, 125 ಲೀಟರ್ ಹಾಲು. ಕಾರ್ಖಾನೆಯ ಜಾಗವನ್ನು ಇದು ತುಂಬುವುದಿಲ್ಲ, ಸುಮ್ನೆ ಆಸೆ ಹುಟ್ಟಿಸುವುದು ಬೇಡ. ಆದರೆ ಹತ್ತಿಪ್ಪತ್ತು ಮನೆಗಳಿಗೆ ಇದು ವರ್ಷವಿಡೀ ನಿಂತ ಗಿರಾಕಿ. ಹಾಲಿನ ವಿಷಯ ಸುಲಭ. ಶಿಮುಲ್ ಡೇರಿ ಇರುವುದೇ ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿಯಲ್ಲಿ. ಅದೇ ಮಾಚೇನಹಳ್ಳಿಯಲ್ಲಿ ಕೆಎಸ್‌ಆರ್‌ಪಿ 8ನೇ ಪಡೆಯೂ, ಅಂದರೆ ರಾಜ್ಯ ಮೀಸಲು ಪೊಲೀಸರ ಪಡೆಯೂ ಇದೆ. ಸಮವಸ್ತ್ರದವರ ಮೆಸ್ಸಿಗೆ ಸಾಮಾನು ಕೊಟ್ಟು ಅಭ್ಯಾಸ ಇರುವ ವ್ಯಾಪಾರಿಗಳು ನಮ್ಮಲ್ಲೇ ಇದ್ದಾರೆ ಅಂತಾಯಿತು.

ತರಕಾರಿಯದ್ದೇ ಕಷ್ಟ. ಇಲ್ಲಿ ತಪ್ಪು ನಮ್ಮದೂ ಇದೆ. ಭದ್ರಾ ನಾಲೆಯ ನೀರು ಹರಿಯುವ ಕಡೆಯೆಲ್ಲ ಗದ್ದೆ ಹೋಗಿ ಅಡಿಕೆ ತೋಟವಾಗುತ್ತಿದೆ. ನಮ್ಮ ಸಂತೆಯ ತರಕಾರಿಯೇ ಎಷ್ಟೋ ಹೊರಗಿನಿಂದ ಬರುತ್ತದೆ. ಜವಾನರಿಗೆ ಅಡಿಕೆಯ ಸಾಂಬಾರು ಮಾಡಿ ಬಡಿಸಲಾಗುವುದಿಲ್ಲ ಅಲ್ವಾ? ತೋಟಗಾರಿಕೆ ಇಲಾಖೆಯವರು ಇಲ್ಲಿ ಒಂದು ಕೆಲಸ ಮಾಡಬಹುದು. ಕ್ಯಾಂಪಿನ ಸುತ್ತಲಿನ ಹಳ್ಳಿಗಳಲ್ಲಿ ಸಂಜೀವಿನಿ ಒಕ್ಕೂಟದ, ಅಂದರೆ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳನ್ನು ಸೇರಿಸಿ, ಯಾರ ಹಿತ್ತಲಿನಲ್ಲಿ ಯಾವ ತಿಂಗಳು ಏನು ಬೆಳೆಯಬಹುದು ಅಂತ ಒಂದು ಪಟ್ಟಿ ಮಾಡಲಿ. ಹರಿವೆ, ಬಸಳೆ, ಸೌತೆ, ಬೆಂಡೆ, ಅಲಸಂದೆ. ಬಸಳೆಯನ್ನು ಬಿಹಾರದ ಹುಡುಗರು ತಿನ್ನುತ್ತಾರೋ ಇಲ್ಲವೋ, ಪಾಲಕ್ಕಂತೂ ತಿನ್ನುತ್ತಾರೆ. ಒಕ್ಕೂಟದ ಹೆಸರಿನಲ್ಲಿ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಯ ನೋಂದಣಿ) ಮಾಡಿಸಿ, ಒಂದು ಬ್ಯಾಂಕ್ ಖಾತೆ ತೆರೆಯಿಸಿ, ಒಂದು ಗೂಡ್ಸ್ ಆಟೋ ಗೊತ್ತು ಮಾಡಿ. ಆಮೇಲೆ ಜಿಲ್ಲಾಧಿಕಾರಿಗಳಾದ ನೀವೇ ಕಮಾಂಡೆಂಟ್ ಸಾಹೇಬರಿಗೆ ಒಂದು ಪತ್ರ ಬರೆಯಿರಿ. ನಾವು ಬರೆದರೆ ಗೇಟಿನ ಸಂತ್ರಿ ತೆಗೆದಿಟ್ಟುಕೊಳ್ಳುತ್ತಾನೆ. ನೀವು ಬರೆದರೆ ಓದುತ್ತಾರೆ.

ಸರ್ಕಾರಿ ಖರೀದಿಯಲ್ಲೂ ನಮಗೊಂದು ಬಾಗಿಲಿದೆ. ಕೇಂದ್ರದ ಇಲಾಖೆಗಳು ತಾವು ಕೊಳ್ಳುವುದರಲ್ಲಿ ಶೇ. 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು ಅಂತ ನಿಯಮವಿದೆ. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗೆ ಶೇ. 4, ಮಹಿಳೆಯರದ್ದಕ್ಕೆ ಶೇ. 3. ಇಂಥ ಸಣ್ಣವರು ಟೆಂಡರಿಗೆ ಠೇವಣಿ ಇಡಬೇಕಾಗಿಲ್ಲ. ಆದರೆ ಖರೀದಿ ನಡೆಯುವುದು ಜೆಮ್ ಪೋರ್ಟಲ್ ಅನ್ನುವ ಸರ್ಕಾರಿ ಖರೀದಿ ವೆಬ್‌ಸೈಟಿನಲ್ಲಿ, ಕಂಪ್ಯೂಟರಿನಲ್ಲಿ. ಭದ್ರಾವತಿಯಲ್ಲಿ ಕಬ್ಬಿಣದ ಕೆಲಸ ಬಲ್ಲ ಎಷ್ಟು ಕೈಗಳಿವೆ ಅಂತ ಲೆಕ್ಕವಿಲ್ಲ. ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಸಣ್ಣ ವರ್ಕ್‌ಶಾಪುಗಳು ಇವತ್ತು ಗೇಟು, ಗ್ರಿಲ್ಲು ಮಾಡುತ್ತಾ ಕೂತಿವೆ. ಬ್ಯಾರಕ್ಕಿಗೆ ಮಂಚ ಬೇಕು, ರ‍್ಯಾಕ್ ಬೇಕು, ಬ್ಯಾರಿಕೇಡ್ ಬೇಕು. ಅವನ್ನು ಮಾಡಲು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೋರ್ಟಲಿನಲ್ಲಿ ಹೆಸರು ಹಾಕುವುದನ್ನು ಮಾತ್ರ ಹೇಳಿಕೊಡಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರದವರು ಭದ್ರಾವತಿಯಲ್ಲಿ ಎರಡು ದಿನ ಶಿಬಿರ ಮಾಡಿದರೆ ಸಾಕು. ದಯವಿಟ್ಟು ಕನ್ನಡದಲ್ಲಿ ಮಾಡಿ.

ಕಿರಾಣಿ ಅಂಗಡಿ ಇಡಬೇಕು ಅಂತಿರುವವರಿಗೆ ಒಂದು ಮಾತು. ಸೋಪು, ಪೇಸ್ಟು, ಎಣ್ಣೆ, ಬಿಸ್ಕೆಟ್, ಮಿಕ್ಸಿ, ಕುಕ್ಕರ್ ನಂಬಿಕೊಂಡು ಬಂಡವಾಳ ಹಾಕಬೇಡಿ. ಸೇನೆಗೆ ಸಿಎಸ್‌ಡಿ ಕ್ಯಾಂಟೀನ್ ಇದ್ದ ಹಾಗೆ ಅರೆಸೇನಾ ಪಡೆಗಳಿಗೂ ಅವರದೇ ಕ್ಯಾಂಟೀನ್ ವ್ಯವಸ್ಥೆ ಇದೆ. ಕೇಂದ್ರೀಯ ಪೊಲೀಸ್ ಕಲ್ಯಾಣ ಭಂಡಾರ ಅಂತ ಅದರ ಹೆಸರು. ಅಲ್ಲಿನ ದರಕ್ಕೆ ಸರಿಸಾಟಿ ನಿಲ್ಲುವುದು ನಮ್ಮ ಅಂಗಡಿಗಳಿಂದ ಆಗದ ಮಾತು. ಹಾಗಾದರೆ ಗೇಟಿನ ಹೊರಗೆ ಏನು ನಡೆಯುತ್ತದೆ? ನಾನು ನೋಡಿದ ಎಲ್ಲ ಕಂಟೋನ್ಮೆಂಟುಗಳಲ್ಲೂ ಅವೇ ಅಂಗಡಿಗಳು. ಟೈಲರ್, ಬೈಕ್ ಮೆಕ್ಯಾನಿಕ್, ಮೊಬೈಲ್ ರಿಪೇರಿ, ಸ್ವೀಟ್ ಅಂಗಡಿ, ಫೋಟೋ ಸ್ಟುಡಿಯೋ, ಡ್ರೈಕ್ಲೀನಿಂಗ್, ಟ್ಯೂಷನ್, ಕೋಳಿ ಅಂಗಡಿ, ಟಿಕೆಟ್ ಬುಕ್ ಮಾಡುವವನು. ರಜೆಗೆ ಊರಿಗೆ ಹೋಗುವ ಜವಾನ ಖಾಲಿ ಕೈಯಲ್ಲಿ ಹೋಗುವುದಿಲ್ಲ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿದೆ. ಅಲ್ಲಿಂದ ರಜೆಗೆ ಹೊರಟ ಎಷ್ಟೋ ಹುಡುಗರ ಟ್ರಂಕಿನಲ್ಲಿ ಕುಂದಾ ಪೊಟ್ಟಣ ನೋಡಿದ್ದೇನೆ. ನಮ್ಮ ಕಡೆಯಿಂದ ಏನು ಕಟ್ಟಿಕೊಟ್ಟೀವಿ? ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಜೇನುತುಪ್ಪ, ಕಾಳುಮೆಣಸು, ಹಲಸಿನ ಹಪ್ಪಳ ಎಲ್ಲ ಇದೆ. ರೈಲಿನಲ್ಲಿ ಮೂರು ದಿನ ಸೋರದೆ ಉಳಿಯುವ ಡಬ್ಬಿ ಇಲ್ಲ ಅಷ್ಟೇ.

ಇನ್ನು ನನ್ನ ಅಳಿಯನ ರೂಮಿನ ಲೆಕ್ಕ. ನಮ್ಮ ಕಡೆ ಸೋದರಳಿಯನನ್ನು ಅಳಿಯ ಅಂದೇ ಕರೆಯುವುದು. ಅವನೂ ಈ ಪತ್ರ ಓದುತ್ತಾನೆ, ಓದಲಿ. 7ನೇ ವೇತನ ಆಯೋಗದ ಪಟ್ಟಿಯಲ್ಲಿ ಹೊಸ ಕಾನ್‌ಸ್ಟೆಬಲ್‌ನ ಮೂಲ ವೇತನ 21,700 ರೂಪಾಯಿ. ಮನೆ ಬಾಡಿಗೆ ಭತ್ಯೆಗೆ ಊರುಗಳನ್ನು ಎಕ್ಸ್, ವೈ, ಜೆಡ್ ಅಂತ ವಿಂಗಡಿಸಿದ್ದಾರೆ. ಬೆಂಗಳೂರು ಎಕ್ಸ್. ಮೈಸೂರು, ಮಂಗಳೂರು, ಬೆಳಗಾವಿ ವೈ. ನಾವು ಜೆಡ್. 2024ರ ಜನವರಿಯಿಂದ ಜೆಡ್ ಊರಿಗೆ ಮೂಲ ವೇತನದ ಶೇ. 10. ಅಂದರೆ ಆ ಹುಡುಗನಿಗೆ ಬಾಡಿಗೆಗೆಂದು ಸಿಗುವುದು 2,170 ರೂಪಾಯಿ. ಅವನು ಐದು ಸಾವಿರದ ರೂಮಿಗೆ ಯಾಕೆ ಬರುತ್ತಾನೆ? ಒಂಟಿ ಜವಾನನಿಗೆ ಬ್ಯಾರಕ್ಕಿನಲ್ಲಿ ಮಂಚವಿದೆ. ಸಂಸಾರದವರು ಮೊದಲು ಒಳಗಿನ ಕ್ವಾರ್ಟರ್ಸ್ ತುಂಬುತ್ತಾರೆ, ಅದು ಸಿಗದವರು ಹೊರಗೆ ಬರುತ್ತಾರೆ. ಅವರಿಗೆ ಸಿಂಗಲ್ ರೂಮ್ ಬೇಡ. ಒಂದು ಅಡುಗೆಮನೆ, ಒಂದು ಬೆಡ್‌ರೂಮ್, ನೀರು, ಹತ್ತಿರದಲ್ಲೊಂದು ಶಾಲೆ ಬೇಕು. ಆರು ರೂಮಿನ ಜಾಗದಲ್ಲಿ ಎರಡು ಮನೆ ಕಟ್ಟು ಅಂತ ಹೇಳಿದ್ದೇನೆ. ಮುಖ ಸಣ್ಣದು ಮಾಡಿಕೊಂಡು ಹೋಗಿದ್ದಾನೆ.

"ನಮ್ಮ ಹುಡುಗರಿಗೆ ಕ್ಯಾಂಪಿನಲ್ಲಿ ಕೆಲಸ ಸಿಗುತ್ತದೆ" ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಕಾರ್ಖಾನೆಯ ಹಾಗೆ ಗೇಟಿನಲ್ಲಿ ಹೆಸರು ಬರೆಸುವ ಪದ್ಧತಿ ಇಲ್ಲಿಲ್ಲ. ಕಾನ್‌ಸ್ಟೆಬಲ್ ನೇಮಕಾತಿ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆಯಿಂದ ಆಗುತ್ತದೆ, ಹುದ್ದೆಗಳು ರಾಜ್ಯವಾರು ಹಂಚಿಕೆಯಾಗುತ್ತವೆ. ಕ್ಯಾಂಪ್ ಎದುರಿಗೇ ಮನೆಯಿದ್ದರೂ ಒಂದು ಅಂಕ ಹೆಚ್ಚು ಸಿಗುವುದಿಲ್ಲ. ಆದರೆ 2024ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಓಡುವುದಕ್ಕೆ ಭದ್ರಾವತಿಯಲ್ಲಿ ಮೈದಾನ ಇದೆ, ಹೇಳಿಕೊಡುವುದಕ್ಕೆ ನನ್ನಂಥ ಕೆಲಸವಿಲ್ಲದ ಮಾಜಿ ಸೈನಿಕರು ಇದ್ದೇವೆ. ಸಂಬಳ ಬೇಡ. ಬೆಳಿಗ್ಗೆ ಐದಕ್ಕೆ ಮೈದಾನದ ಬೀಗ ತೆಗೆಸಿಕೊಡಿ ಸಾಕು.

ಮಲೆನಾಡಿಗೆ ಫೌಜಿನ ದುಡ್ಡು ಇಲ್ಲಿಯವರೆಗೆ ಬಂದಿರುವುದು ಹೀಗೇ, ಹೊರಗೆ ದುಡಿದವರ ಮೂಲಕ. ನನ್ನ ಪಿಂಚಣಿ ತಿಂಗಳ ಕೊನೆಗೆ ಬರುತ್ತದೆ, ಐದನೇ ತಾರೀಖಿನ ಒಳಗೆ ಊರಿನಲ್ಲೇ ಹಂಚಿಹೋಗುತ್ತದೆ. ತೀರ್ಥಹಳ್ಳಿಯಿಂದ ಸೊರಬದವರೆಗೆ ಇಂಥ ಮನೆಗಳಿವೆ. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಸೇನೆಗೆ ಸೇರಿದವರಲ್ಲಿ ಹೆಚ್ಚೆಂದರೆ ಶೇ. 25ರಷ್ಟು ಮಂದಿ ಮುಂದುವರಿಯುತ್ತಾರೆ. ಉಳಿದವರು ನಾಲ್ಕು ವರ್ಷಕ್ಕೆ ಒಂದು ಇಡುಗಂಟು ತೆಗೆದುಕೊಂಡು ಮನೆಗೆ ಬರುತ್ತಾರೆ, ಪಿಂಚಣಿ ಇಲ್ಲ. ಇದು ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ಈ ಪತ್ರದಲ್ಲಿ ಜಾಗವಿಲ್ಲ. ಆ ದುಡ್ಡಿನ ತೊರೆ ಸಣ್ಣದಾಗುತ್ತಿದೆ ಅನ್ನುವುದನ್ನು ಮಾತ್ರ ಜಿಲ್ಲಾಡಳಿತ ಬರೆದಿಟ್ಟುಕೊಳ್ಳಲಿ.

ಪೌರಾಯುಕ್ತರೇ, ಈಗ ನಿಮ್ಮ ಹತ್ತಿರ ಬರುತ್ತೇನೆ.

ಐವತ್ತು ಎಕರೆಗೆ ನೀರು ಬೇಕು, ರಸ್ತೆ ಬೇಕು, ಕಸ ಎತ್ತಬೇಕು, ಚರಂಡಿ ಎಲ್ಲಿಗೋ ಸೇರಬೇಕು. ಕೇಂದ್ರದ ಆಸ್ತಿಗೆ ಆಸ್ತಿ ತೆರಿಗೆ ಹಾಕುವ ಹಾಗಿಲ್ಲ, ಸಂವಿಧಾನದ 285ನೇ ವಿಧಿ ಅಡ್ಡ ಬರುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲಿಗೆ ಮುಗಿಯುವುದಿಲ್ಲ. ರಾಜಕೋಟ್ ಮಹಾನಗರ ಪಾಲಿಕೆಯವರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. 2009ರಲ್ಲಿ ಅದು ತೀರ್ಮಾನವಾಯಿತು. ತೆರಿಗೆ ಇಲ್ಲ, ಆದರೆ ಸೇವಾ ಶುಲ್ಕ ಕೊಡಬೇಕು. ಊರಿನ ಎಲ್ಲ ಸೌಲಭ್ಯ ಬಳಸಿದರೆ ಆಸ್ತಿ ತೆರಿಗೆಯ ಶೇ. 75, ಅರ್ಧಂಬರ್ಧ ಬಳಸಿದರೆ ಶೇ. 50, ಏನೂ ಬಳಸದಿದ್ದರೂ ಮೂರನೇ ಒಂದು ಪಾಲು. ಏನೂ ಬಳಸದಿದ್ದರೂ, ಗಮನಿಸಿ. ಕೇಳುವ ಹಕ್ಕು ಊರಿಗಿದೆ. ಕೇಳದಿದ್ದರೆ ಯಾರೂ ತಾವಾಗಿ ತಂದುಕೊಡುವುದಿಲ್ಲ. ಇದು ಬೆಟಾಲಿಯನ್ನಿನವರ ಜೊತೆ ಜಗಳವೂ ಅಲ್ಲ. ಅವರಿಗೂ ಲೆಕ್ಕಪತ್ರ ಬೇಕು, ಸಮಯಕ್ಕೆ ಡಿಮ್ಯಾಂಡ್ ನೋಟಿಸ್ ಹೋದರೆ ಬಜೆಟ್ಟಿನಲ್ಲಿ ಸೇರಿಸುತ್ತಾರೆ. ಹತ್ತು ವರ್ಷ ಸುಮ್ಮನಿದ್ದು ಒಂದೇ ಸಲ ಬಾಕಿ ಕೇಳಿದರೆ ಮಾತ್ರ ಫೈಲು ದೆಹಲಿಗೆ ಹೋಗಿ ಅಲ್ಲೇ ಮಲಗುತ್ತದೆ. ಕ್ಯಾಂಪಿನ ಕಟ್ಟಡಗಳ ಅಳತೆ ಈಗಲೇ ನಿಮ್ಮ ರಿಜಿಸ್ಟರಿಗೆ ಬರಲಿ. ಒಂದಿಷ್ಟು ಜಾಗ ಪಂಚಾಯಿತಿ ಗಡಿಗೆ ಬರುವುದಾದರೆ ಪಿಡಿಒ ಅವರಿಗೂ ಇದನ್ನು ತಿಳಿಸಿ.

ನಾನು ಕ್ಯಾಂಪಿನ ವಿರೋಧಿ ಅಂತ ಯಾರೂ ತಿಳಿಯಬೇಡಿ. ಬುಳ್ಳಾಪುರದ ಐವತ್ತು ಎಕರೆಯನ್ನು ಕಾರವಾರದ ಸೀಬರ್ಡ್ ಜೊತೆ ಹೋಲಿಸುವ ಹಾಗೂ ಇಲ್ಲ. ಅಲ್ಲಿ ನೌಕಾನೆಲೆಗೆ ಹೋದದ್ದು 11 ಸಾವಿರ ಎಕರೆಗೂ ಹೆಚ್ಚು. 1986ರಲ್ಲಿ ಅಡಿಗಲ್ಲು ಬಿತ್ತು, ಐಎನ್‌ಎಸ್ ಕದಂಬ ಅನ್ನುವ ಆ ನೆಲೆ ಶುರುವಾಗಿದ್ದು 2005ರಲ್ಲಿ. ಸಾವಿರಾರು ಕುಟುಂಬಗಳು ಎದ್ದು ಹೋದವು. ಅರ್ಗಾ, ಬಿಣಗಾದ ಮೀನುಗಾರರಿಗೆ ದೋಣಿ ಎಳೆಯುವ ದಂಡೆಯೇ ಹೋಯಿತು. ಹೆಚ್ಚುವರಿ ಪರಿಹಾರಕ್ಕೆ ಎಷ್ಟೋ ಜನ ದಶಕಗಟ್ಟಲೆ ಕೋರ್ಟು ಅಲೆದರು. ನಮಗೂ ಇದು ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಎದ್ದುಬಂದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನನ್ನ ತಾಯಿಯ ತವರು ಆ ನೀರಿನೊಳಗಿದೆ. ದೇಶಕ್ಕೆ ಬೇಕು ಅಂದಾಗ ಈ ಜಿಲ್ಲೆ ಯಾವತ್ತೂ ಇಲ್ಲ ಅಂದಿಲ್ಲ. ಕೊಟ್ಟ ಮೇಲೆ ನಮಗೇನು ಅಂತ ಕೇಳುವುದನ್ನು ಮಾತ್ರ ತಡವಾಗಿ ಕಲಿತೆವು.

ಬೆಂಗಳೂರಿನದ್ದೂ ಒಂದು ಉದಾಹರಣೆ ಇದೆ. 1809ರಲ್ಲಿ ಬ್ರಿಟಿಷರು ಅಲ್ಲಿ ದಂಡು, ಅಂದರೆ ಕಂಟೋನ್ಮೆಂಟ್ ಕಟ್ಟಿದರು. ದಂಡಿನ ಜೊತೆಗೇ ಮದರಾಸು ಕಡೆಯ ವ್ಯಾಪಾರಿಗಳು, ಅಡುಗೆಯವರು, ಗುತ್ತಿಗೆದಾರರು ಬಂದರು. ದಂಡಿಗೆ ಏನು ಬೇಕು ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತು, ಭಾಷೆಯೂ ಗೊತ್ತಿತ್ತು. ಹೊಸ ಸಂಪತ್ತೆಲ್ಲ ಅವರ ಸುತ್ತ ಬೆಳೆಯಿತು. ಹಳೇ ಪೇಟೆ ತನ್ನ ಪಾಡಿಗೆ ತಾನಿತ್ತು. ಒಂದೇ ಊರಿಗೆ ಎರಡು ಮುನಿಸಿಪಾಲಿಟಿ, 1949ರಲ್ಲಿ ಒಂದಾಗುವವರೆಗೆ. ಬಂದವರು ತಪ್ಪು ಮಾಡಲಿಲ್ಲ, ದುಡಿದರು ಅಷ್ಟೇ. ಭದ್ರಾವತಿಯನ್ನು ಕಟ್ಟಿದವರಲ್ಲೂ ಹೊರಗಿನಿಂದ ಬಂದು ಕಾರ್ಖಾನೆ ಸೇರಿದವರೇ ಎಷ್ಟೋ ಮಂದಿ. ಪೇಟೆಯವರು ದಂಡಿನ ಕಡೆ ನೋಡದೇ ಕೂತರಲ್ಲ, ನಾನು ಹೇಳುತ್ತಿರುವುದು ಅದನ್ನು.

ಕ್ಯಾಂಪಿನಲ್ಲಿ ಶಾಲೆ ಬಂದರೆ ಊರಿನ ಮಕ್ಕಳಿಗೆ ಸೀಟು ಸಿಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಕೇಂದ್ರೀಯ ವಿದ್ಯಾಲಯ ಆದರೆ ಕೇಂದ್ರ ನೌಕರರ ಮಕ್ಕಳಿಗೆ ಮೊದಲ ಆದ್ಯತೆ, ನಾವು ಕೊನೆಯ ಸಾಲಿನವರು. ಒಂದನೇ ತರಗತಿಯಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಶೇ. 25 ಸೀಟುಗಳಿವೆ. ಅದಕ್ಕೆ ಅರ್ಜಿ ಹಾಕಿ, ಅಷ್ಟೇ ಹೇಳಬಲ್ಲೆ.

ನನ್ನ ಕೋರಿಕೆ ದೊಡ್ಡದೇನಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಸಭೆ ಆಗಲಿ. ಬೆಟಾಲಿಯನ್ನಿನ ಒಬ್ಬ ಅಧಿಕಾರಿ, ನಗರಸಭೆ, ಕೈಗಾರಿಕಾ ಕೇಂದ್ರ, ತೋಟಗಾರಿಕೆ, ಶಿಮುಲ್, ಒಕ್ಕೂಟದ ಇಬ್ಬರು ಹೆಣ್ಣುಮಕ್ಕಳು, ವರ್ಕ್‌ಶಾಪಿನ ಇಬ್ಬರು. ಮೂರು ತಿಂಗಳಿಗೊಮ್ಮೆ ಸೇರಿದರೆ ಸಾಕು. ಹಾರ, ಶಾಲು, ಭಾಷಣ ಬೇಡ. ಮೆಸ್ಸಿಗೆ ಹೋದ ತಿಂಗಳು ಎಷ್ಟು ಕೆಜಿ ತರಕಾರಿ ಬಂತು, ಅದರಲ್ಲಿ ಭದ್ರಾವತಿ ತಾಲ್ಲೂಕಿನದ್ದೆಷ್ಟು ಅಂತ ಒಂದು ಹಾಳೆ ಓದಲಿ. ಆ ಹಾಳೆ ಬರೆಯುವವರು ಸಿಗದಿದ್ದರೆ ನಾನೇ ಬರೆದುಕೊಡುತ್ತೇನೆ. ಅಭ್ಯಾಸವಿದೆ.

ಈ ಪತ್ರದ ಎರಡು ಪ್ರತಿ ತೆಗೆದುಕೊಂಡು ಬರುವ ಸೋಮವಾರ ನಗರಸಭೆಗೆ ಬರುತ್ತೇನೆ. ಒಂದು ನಿಮಗೆ. ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿ ಕೊಡಿ. ಹನ್ನೊಂದು ಗಂಟೆಯೊಳಗೆ ಆದರೆ ಒಳ್ಳೆಯದು, ಆಮೇಲೆ ಅಳಿಯನ ಜೊತೆ ಬ್ಯಾಂಕಿಗೆ ಹೋಗಬೇಕು. ಆರು ರೂಮಿನ ಪ್ಲಾನು ಬದಲಾಯಿಸಿದ್ದಾನಂತೆ. ಎರಡು ಮನೆ, ಮುಂದುಗಡೆ ಒಂದು ಟೈಲರ್ ಅಂಗಡಿ.

ಇಂತಿ,
ಒಬ್ಬ ನಿವೃತ್ತ ನಾಯಬ್ ಸುಬೇದಾರ್
ಭದ್ರಾವತಿ